ಸದ್ದಿಲ್ಲದ ಸ್ವಿಚ್ಚು

ಅರವತ್ತರ ದಶಕದ ಕೊನೆಯಲ್ಲಿ ನಾನು ತೀರ್ಥಹಳ್ಳಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಮನೆ ಸಾಗರದಲ್ಲಿ. ರಜೆ ಬಂತೆಂದರೆ ಹೊಸನಗರದ ಮೇಲೆ ಹೋಗುವ ಬಸ್ಸು ಹತ್ತಿ ಓಡುತ್ತಿದ್ದೆ. ಮದುವೆಯಾಗಿರಲಿಲ್ಲ, ಆಟಿಕೆ ರೈಲಿನ ಹುಚ್ಚು ಹಿಡಿದಿತ್ತು. “ಇವನಿಗೆ ಹೆಣ್ಣು ತೋರ್ಸಿದ್ರೆ ಹಳಿ ಎಷ್ಟು ಉದ್ದ ಅಂತ ಕೇಳ್ತಾನೆ” ಎಂದು ಅಮ್ಮ ನೆಂಟರ ಮುಂದೆ ಆಡಿಕೊಳ್ಳುತ್ತಿದ್ದಳು.

ಜಗಲಿಯಲ್ಲಿ ಎರಡು ಉದ್ದನೆಯ ಮೇಜು ಜೋಡಿಸಿ ಈ ತುದಿಯಿಂದ ಆ ತುದಿಗೆ ಹಳಿ ಹಾಕಿದ್ದೆ. ಹಳಿಗೆ ಕೊಟ್ಟ ಬ್ಯಾಟರಿಯಿಂದ ಓಡುವ ಇಂಜಿನ್ನು, ಅದರ ಹಿಂದೆ ತಗಡಿನ ಎರಡು ಡಬ್ಬಿ. ಹಳಿಯ ಪಕ್ಕ ಮೂರು ಕಡೆ ಹಿತ್ತಾಳೆ ಪಟ್ಟಿಯ ಸ್ವಿಚ್ಚು. ಹಾಯುವ ಇಂಜಿನ್ನು ಪಟ್ಟಿಯನ್ನು ಒತ್ತಿದಾಗ ಟಕ್ ಎಂದು ಸಿಗ್ನಲ್ಲಿನ ದೀಪ ಹತ್ತುತ್ತಿತ್ತು. ಅದನ್ನು ನೋಡಲೆಂದೇ ಅಕ್ಕಪಕ್ಕದ ಮನೆಯವರು ಬರುತ್ತಿದ್ದರು.

ರೈಲು ಓಡಿಸುವವಳು ನನ್ನ ಅಕ್ಕ. ಹತ್ತು ವರ್ಷದವಳಿದ್ದಾಗ ಜ್ವರ ಬಂದು ಅವಳ ಎರಡೂ ಕಣ್ಣು ಹೋಗಿದ್ದವು. ಒಲೆಯ ಹತ್ತಿರ, ಬಾವಿಯ ಹತ್ತಿರ ಅವಳನ್ನು ಬಿಡುತ್ತಿರಲಿಲ್ಲ. ಹೂ ಕಟ್ಟಲು ಕೂತರೂ ಯಾರಾದರೂ ಬಂದು ಕೈಯಿಂದ ದಾರ ತೆಗೆದುಕೊಳ್ಳುತ್ತಿದ್ದರು, ಪ್ರೀತಿಯಿಂದಲೇ. ಮೇಜಿನ ಮುಂದೆ ಮಾತ್ರ ಹಾಗಲ್ಲ. ರೈಲು ನಿಲ್ಲಿಸುವ ಗುಂಡಿ ಅವಳ ಕೈಯಲ್ಲೇ ಇರುತ್ತಿತ್ತು. ಮೇಜಿನ ಆಚೆ ತುದಿಗೆ ತಡೆ ಇರಲಿಲ್ಲ. ಗುಂಡಿ ಒತ್ತುವುದು ಒಂದು ಕ್ಷಣ ತಡವಾದರೆ ಇಂಜಿನ್ನು ನೆಲಕ್ಕೆ. ಅವಳು ಒಮ್ಮೆಯೂ ಬೀಳಿಸಿರಲಿಲ್ಲ. ಅದು ಹೇಗೆ ಎಂದು ನಾನೂ ಕೇಳಿರಲಿಲ್ಲ, ಏನೋ ಅಂದಾಜಿರಬೇಕು ಎಂದುಕೊಂಡಿದ್ದೆ.

ನಮ್ಮ ಸೀಮೆಯ ತೇವಕ್ಕೆ ಹಿತ್ತಾಳೆ ಕಿಲುಬು ಹಿಡಿಯದೆ ಬಿಡುವುದಿಲ್ಲ. ರಜೆಯೆಲ್ಲ ಉಪ್ಪುಕಾಗದ ಹಿಡಿದು ಪಟ್ಟಿ ತಿಕ್ಕುವುದೇ ಆಯಿತು. ತಿಕ್ಕಿದರೂ ದೀಪ ಒಮ್ಮೆ ಹತ್ತಿದರೆ ಇನ್ನೊಮ್ಮೆ ಇಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ. ಒಂದು ದಿನ ಮೂರನ್ನೂ ಕಿತ್ತು ಮೂಲೆಗೆಸೆದೆ.

ಕೆಟ್ಟ ರೇಡಿಯೋದಿಂದ ತೆಗೆದ ಗಾಜಿನ ಟ್ರಾನ್ಸಿಸ್ಟರುಗಳು ನನ್ನ ಹತ್ತಿರ ಇದ್ದವು. ಅವುಗಳ ಮೈಗೆ ಬಳಿದ ಕಪ್ಪು ಬಣ್ಣವನ್ನು ಬ್ಲೇಡಿನಲ್ಲಿ ಕೆರೆದರೆ ಅವಕ್ಕೆ ಬೆಳಕು ತಿಳಿಯುತ್ತದೆ. ಮೂರು ಕಡೆಯೂ ಹಳಿಯ ಒಂದು ಪಕ್ಕ ಪುಟ್ಟ ಬಲ್ಬು, ಇನ್ನೊಂದು ಪಕ್ಕ ಟ್ರಾನ್ಸಿಸ್ಟರು; ರೈಲು ನಡುವೆ ಅಡ್ಡ ಬಂದರೆ ಸಿಗ್ನಲ್ಲು ಹತ್ತುತ್ತದೆ. ಒತ್ತುವುದಿಲ್ಲ, ತಿಕ್ಕುವುದಿಲ್ಲ, ಸದ್ದಿಲ್ಲ. ಅದೇ ಉಮೇದಿನಲ್ಲಿ ಕೊನೆಯದಕ್ಕೆ ಇನ್ನೊಂದು ತಂತಿ ಎಳೆದು, ಅಂಚು ಬರುವ ಮೊದಲೇ ರೈಲು ತಾನಾಗಿ ನಿಲ್ಲುವಂತೆಯೂ ಮಾಡಿಬಿಟ್ಟೆ.

ಎಲ್ಲರನ್ನೂ ಕರೆದು ಓಡಿಸಿ ತೋರಿಸಿದೆ. ದೀಪಗಳು ತಪ್ಪದೆ ಹತ್ತಿದವು, ರೈಲು ನಿಂತಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಮಾತ್ರ ಗುಂಡಿ ಹಿಡಿದೇ ಇದ್ದಳು.

“ಎಂತಕ್ಕೆ ನಿಂತಿತೋ? ಕೆಟ್ಹೋಯ್ತಾ?”

“ಇಲ್ಲ ಕಣೆ, ತಾನಾಗೇ ನಿಲ್ತದೆ. ಇನ್ಮೇಲೆ ನೀನು ಸುಮ್ನೆ ಕೂತಿದ್ರೆ ಸಾಕು” ಎಂದೆ, ಮಹಾ ಉಪಕಾರ ಮಾಡಿದವನ ಹಾಗೆ.

ಅವಳು ಗುಂಡಿಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಮೂರು ದಿನ ಜಗಲಿಗೆ ಬರಲೇ ಇಲ್ಲ. ಇಷ್ಟು ಕಷ್ಟಪಟ್ಟಿದ್ದಕ್ಕೆ ಇದೇನಾ ಎಂದು ನಾನೇ ಜಗಳಕ್ಕೆ ಹೋದೆ. “ಎಂತ ಸಿಟ್ಟು ನಿಂಗೆ?”

“ಸಿಟ್ಟೆಂತದು” ಎಂದಳು. “ಮುಂಚೆ ಮೂರು ಕಡೆ ಸದ್ದಾಗ್ತಿತ್ತು. ಮೊದಲನೇದು ದಪ್ಪ, ಎರಡನೇದು ಸಣ್ಣ, ಮೂರನೇದು ಒಡಕು. ಒಡಕಾದ್ಮೇಲೆ ಎರಡು ಎಣಿಸಿ ಒತ್ತಿದ್ರೆ ಸರಿ ಆಗ್ತಿತ್ತು. ಈಗ ರೈಲು ಎಲ್ಲಿದೆ ಅಂತ ನಂಗೆ ಗೊತ್ತೇ ಆಗಲ್ಲ.”

ಆ ಪಟ್ಟಿಗಳನ್ನು ಕತ್ತರಿಸಿ ಬಗ್ಗಿಸಿದವನು ನಾನು. ಒಂದೊಂದಕ್ಕೂ ಬೇರೆ ದನಿಯಿದೆ ಎಂದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ತುಂಬಾ ನಾಚಿಕೆಯಾಯಿತು.

ಮಾರನೆಯ ದಿನವೇ ಪಟ್ಟಿಗಳನ್ನು ಮತ್ತೆ ಕೂರಿಸಿದೆ. ಅವಕ್ಕೆ ತಂತಿ ಕೊಡಲಿಲ್ಲ; ದೀಪದ ಕೆಲಸ ಟ್ರಾನ್ಸಿಸ್ಟರಿಗೆ, ಸದ್ದಿನ ಕೆಲಸ ಪಟ್ಟಿಗೆ. ಇನ್ನು ಕಿಲುಬು ಹಿಡಿದರೂ ಚಿಂತೆಯಿರಲಿಲ್ಲ. ಅಕ್ಕ ನನ್ನ ಪಕ್ಕದಲ್ಲಿ ಕೂತು, ಒಂದೊಂದರ ದನಿಯೂ ಸರಿಯಾಗುವವರೆಗೆ ನನ್ನ ಕೈಯಲ್ಲಿ ಬಗ್ಗಿಸುವ ಕೆಲಸ ಮಾಡಿಸಿದಳು. ತಾನಾಗಿ ನಿಲ್ಲಿಸುವ ತಂತಿಯನ್ನು ತೆಗೆದಿದ್ದೇನೆ ಎಂದು ಅವಳಿಗೆ ಹೇಳಿದೆ. ತೆಗೆದಿರಲಿಲ್ಲ. ಇಂಜಿನ್ನು ಬಿದ್ದು, ಅವಳಿಗೆ ಬೇಜಾರಾಗುವುದು ಬೇಡ ಎಂದು ಕೊನೆಯ ಬಲ್ಬು, ಟ್ರಾನ್ಸಿಸ್ಟರುಗಳನ್ನು ಅಂಚಿಗೆ ಇನ್ನಷ್ಟು ಹತ್ತಿರ ಸರಿಸಿ, ತಂತಿಯನ್ನು ಹಾಗೇ ಬಿಟ್ಟಿದ್ದೆ.

ಎರಡು ದಿನ ಅಕ್ಕ ಹುರುಪಿನಿಂದ ಓಡಿಸಿದಳು. ಮೂರನೆಯ ದಿನ ರೈಲು ನಿಂತಾಗ ಗುಂಡಿ ಅವಳ ಮಡಿಲಲ್ಲಿತ್ತು, ಎರಡೂ ಕೈ ಮೇಜಿನ ಮೇಲಿದ್ದವು.

“ನಾನು ಒತ್ಲಿಲ್ಲ” ಎಂದಳು. “ನಿನ್ನೆ ಮೊನ್ನೆ ನಿಲ್ಲಿಸಿದ್ದು ನಾನಾ, ನಿನ್ನ ಟ್ರಾನ್ಸಿಸ್ಟರಾ?”

ನನಗೂ ಗೊತ್ತಿರಲಿಲ್ಲ.

“ಮಗು ಕೈಗೆ ಆಟಕ್ಕೆ ಖಾಲಿ ಲೋಟ ಕೊಟ್ಟಂಗೆ ನಂಗೆ ಈ ಗುಂಡಿ ಕೊಡಬೇಡ ಮಾರಾಯ.”

ಕಟಿಂಗ್ ಪ್ಲೇಯರ್ ತಂದು ಅವಳೆದುರೇ ತಂತಿಯನ್ನು ಕತ್ತರಿಸಿದೆ. ಅವಳು ತುಂಡಾದ ಎರಡೂ ತುದಿಗಳನ್ನು ಬೆರಳಿನಿಂದ ಮುಟ್ಟಿ ನೋಡಿ, “ಬಿಡು” ಎಂದಳು. ರೈಲು ಬಿಟ್ಟೆ. ದಪ್ಪ ಸದ್ದಾಯಿತು, ಸಣ್ಣದಾಯಿತು, ಒಡಕೂ ಆಯಿತು. ಅವಳು ಗುಂಡಿ ಒತ್ತಿದಳು, ಕೂದಲೆಳೆಯಷ್ಟು ತಡವಾಗಿ. ಇಂಜಿನ್ನು ಡಬ್ಬಿಗಳ ಸಮೇತ ನೆಲಕ್ಕೆ ಬಿತ್ತು.

ಸದ್ದು ಕೇಳಿ ಅಮ್ಮ ಒಳಗಿನಿಂದ ಬಂದು, “ಅಯ್ಯೋ ಪಾಪ, ಅವಳಿಗೆಂತಕ್ಕೆ ಕೊಟ್ಟೆ” ಎಂದು ನನ್ನ ಮೇಲೆ ಹರಿಹಾಯ್ದಳು.

“ಅವನದೇನಿಲ್ಲ ಅಮ್ಮ. ಬೀಳಿಸಿದ್ದು ನಾನೇ” ಎಂದಳು ಅಕ್ಕ. ಅಷ್ಟು ಸಂತೋಷದಿಂದ ಅವಳು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.