ಸ್ಟೀಲ್ ಬೋಸಿಗೆ ಹೋದ ಲಂಗ

ಅಕ್ಕನ ಮುಂದಿನ ಹಲ್ಲಿನಲ್ಲಿ ಒಂದು ಸಣ್ಣ ಕಚ್ಚು ಬಿದ್ದಿತ್ತು. ದಾರವನ್ನು ಹಲ್ಲಿನಲ್ಲೇ ಕಡಿದು ಕಡಿದು ಆದದ್ದು. ನಕ್ಕರೆ ಮೊದಲು ಕಾಣುತ್ತಿದ್ದುದು ಅದೇ. ಆ ಹಲ್ಲಿನಿಂದ ದಾರ ಕಡಿದು ನನ್ನ ಮಗಳಿಗೆಂದು ಅವಳು ಹೊಲಿದುಕೊಟ್ಟ ಲಂಗವನ್ನು ನಾನು ಇಟ್ಟುಕೊಳ್ಳಲಿಲ್ಲ. ಪಾತ್ರೆಯವಳಿಗೆ ಹಾಕಿ ಒಂದು ಸ್ಟೀಲ್ ಬೋಸಿ ತೆಗೆದುಕೊಂಡೆ. ಅಕ್ಕ ತೀರಿಹೋಗಿ ಎಷ್ಟೋ ಕಾಲವಾಯಿತು. ಬೋಸಿ ಇನ್ನೂ ಅಡುಗೆಮನೆಯಲ್ಲಿದೆ.

ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಗಂಡ ಬಿಟ್ಟುಹೋಗಿದ್ದ. ನಂಜನಗೂಡಿನಲ್ಲಿ ಒಂದೇ ಕೋಣೆಯ ಮನೆ, ಕಾಲಲ್ಲಿ ತುಳಿಯುವ ಮಿಷನ್ನು. ಹೊಸ ಬಟ್ಟೆ ಆ ಮನೆಗೆ ಬಂದದ್ದನ್ನು ನಾನು ನೋಡಿಲ್ಲ. ಹಳೇ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸರು ಊರೂರು ಸುತ್ತಿಬಂದು ಬಸ್ ಸ್ಟ್ಯಾಂಡಿನ ಹತ್ತಿರ ಗಂಟು ಇಳಿಸುತ್ತಿದ್ದರು. ಗಂಟು ಮೈಸೂರಿಗೆ ಹೋಗುವ ಮೊದಲೇ ಅಕ್ಕ ಅಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದಳು. ಹಳೇ ಸೀರೆಯ ಸೆರಗನ್ನು ಬಿಸಿಲಿಗೆ ಹಿಡಿದು ನೋಡುವಳು, ಮೂಸುವಳು, ಕೆನ್ನೆಗೆ ಒತ್ತಿಕೊಳ್ಳುವಳು.

“ಬಟ್ಟೆ ಸವೆಯೋದು ಕೂರೋ ತಾವ, ಮಂಡಿ ತಾವ. ಮಿಕ್ಕಿದ್ದು ಅಂಗೇ ಗಟ್ಟಿಯಾಗಿರ್ತದೆ ಕಣಮ್ಮಿ. ಅದ್ನ ಯಾರೂ ನೋಡಕಿಲ್ಲ,” ಎನ್ನುವಳು.

ಟೈಲರ್ ಅಂಗಡಿಗಳ ತುಂಡುಗಳನ್ನೂ ಬಿಡುತ್ತಿರಲಿಲ್ಲ. “ಏನಕ್ಕ, ನಮ್ ಕಸ ಗುಡ್ಸಕ್ಕೆ ಬಂದ್ರಾ?” ಎಂದು ಒಬ್ಬ ಟೈಲರ್ ಚುಡಾಯಿಸಿದರೆ, “ಊಂ ಕಣಪ್ಪ, ನೀ ಸರಿಯಾಗಿ ಕತ್ತರಿಸಿದ್ರೆ ನಂಗೆಲ್ಲಿ ಸಿಕ್ಕದು?” ಎಂದು ಆ ಹಲ್ಲು ತೋರಿಸಿ ನಗುವಳು.

ಅವಳು ಹೊಲಿದ ರವಿಕೆಯಾಗಲಿ, ಫ್ರಾಕಾಗಲಿ, ಒಂದರಂತೆ ಇನ್ನೊಂದಿಲ್ಲ. ಲುಂಗಿಯ ಚೌಕಳಿ ಬೆನ್ನಿಗೆ ಬಂದರೆ ತೋಳಿಗೆ ಯಾರದೋ ಮದುವೆ ಸೀರೆಯ ಜರಿ. ಎದುರುಬದುರು ಇಟ್ಟು, ತೆಗೆದು, ಮತ್ತೆ ಇಟ್ಟು, ಅನ್ನ ಆರಿಹೋದರೂ ಏಳುತ್ತಿರಲಿಲ್ಲ. ಸ್ಕೂಲ್ ಟೀಚರೊಬ್ಬರು ಅವಳ ರವಿಕೆ ಮೆಚ್ಚಿ, ತಮ್ಮ ತಂಗಿಗೂ ಅಂಥದ್ದೇ ಬೇಕು ಎಂದರು. “ಅದ್ರಂಗೆ ಇನ್ನೊಂದು ಅಂದ್ರೆ ಎಲ್ಲಿಂದ ತರನವ್ವ? ಆ ಸೀರೆ ಉಟ್ಟಿದ್ದೋಳು ಇನ್ನೊಂದ್ಸಲ ಬಾಳ್ಬೇಕಾಯ್ತದೆ,” ಎಂದಳು ಅಕ್ಕ.

ನನ್ನನ್ನು ತಿ. ನರಸೀಪುರಕ್ಕೆ ಕೊಟ್ಟರು. ಮಗಳನ್ನು ಸ್ಕೂಲಿಗೆ ಸೇರಿಸುವ ವರ್ಷ ಯುಗಾದಿಗೆ ಅಕ್ಕ ಆ ಲಂಗ ತಂದಳು. ಹಸಿರು ರೇಷ್ಮೆಯ ತುಂಡುಗಳ ನಡುವೆ ಸಾಸಿವೆ ಬಣ್ಣ, ಕೆಳಗೆ ಸುತ್ತಲೂ ಕಾಫಿ ಬಣ್ಣದ ಅಂಚು. ಮಗಳು ತಿರುಗಿದರೆ ಕೊಡೆಯಂತೆ ಬಿಚ್ಚಿಕೊಳ್ಳುತ್ತಿತ್ತು. ಊಟ ಮಾಡಿ ಅಕ್ಕ ಸುತ್ತೂರಿನ ಮೇಲೆ ಹೋಗುವ ಬಸ್ಸು ಹಿಡಿದು ಹೊರಟುಹೋದಳು.

ಅವಳು ಅತ್ತ ಹೋಗಿದ್ದಳಷ್ಟೆ, ನನ್ನ ಓರಗಿತ್ತಿ ಮಗುವನ್ನು ಹತ್ತಿರ ಎಳೆದುಕೊಂಡಳು. “ತಡಿ, ಈ ಅಂಚು ನನ್ ಸೀರೇದಲ್ವಾ? ಪಾತ್ರೆಯವಳಿಗೆ ಹಾಕಿದ್ನಲ್ಲ, ಅದೇಯ. ನಿಮ್ಮಕ್ಕ ನಮ್ ಸೀರೆನ ನಮ್ಗೇ ಉಡುಗೊರೆ ತಂದವ್ರೆ ಬುಡು.”

ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಮಗಳು ಬಿಚ್ಚಲು ಒಲ್ಲೆನೆಂದು ಅತ್ತಳು, ಎಳೆದು ಬಿಚ್ಚಿದೆ. ಮುಂದಿನ ಸಲ ಬೀದಿಯಲ್ಲಿ ಪಾತ್ರೆಯವಳ ಕೂಗು ಕೇಳಿದಾಗ ಉಳಿದ ಹಳೇ ಬಟ್ಟೆಯ ಜೊತೆ ಅದನ್ನೂ ಹಾಕಿದೆ.

ಬೇಸಿಗೆ ರಜಕ್ಕೆ ಮಗಳೊಂದಿಗೆ ನಂಜನಗೂಡಿಗೆ ಹೋದೆ. ಅಕ್ಕ ಮಿಷನ್ನಿನ ಮುಂದೆ ಇದ್ದಳು.

“ಲಂಗ ಮಗೀಗೆ ಸರಿಯಾಯ್ತಾ?”

“ಅದನ್ನೇ ಹಾಕ್ಕತಾಳೆ ಕಣಕ್ಕ. ಬಿಚ್ಚಕ್ಕೇ ಬಿಡಾಕಿಲ್ಲ.”

“ಅಂಗಾ,” ಎಂದು ತಲೆ ಬಗ್ಗಿಸಿ ದಾರ ಕಡಿದಳು. ಆಮೇಲೆ ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು ಸೊಂಟದಿಂದ ಪಾದದವರೆಗೆ ಗೇಣು ಹಾಕಿದಳು. ಅಲ್ಲಿಂದ ಮುಂದೆ ಪ್ರತಿ ಬೇಸಿಗೆಯಲ್ಲೂ ಹೀಗೆಯೇ. ಗೇಣು ಹಾಕುವಳು, ಮಗಳ ಕೈಗೆ ಮಾತ್ರ ಏನೂ ಕೊಡುತ್ತಿರಲಿಲ್ಲ. “ಬರೀ ಅಳತೇನೇ ಆಯ್ತು ನಿಂದು,” ಎಂದು ನಾನು ಆಡಿಕೊಂಡದ್ದೂ ಉಂಟು. “ಬೆಳೆಯೋ ಮಗು, ನೋಡ್ಕಬೇಕು ಕಣಮ್ಮಿ,” ಎನ್ನುವಳು.

ಮಗಳು ಕಾಲೇಜಿಗೆ ಹೋಗುವ ಹೊತ್ತಿಗೆ ಅಕ್ಕನ ಕಣ್ಣಿಗೆ ಪೊರೆ ಬಂತು. ಮೈಸೂರಿನಲ್ಲಿ ಆಪರೇಷನ್ ಮಾಡಿಸಿ, ನೋಡಿಕೊಳ್ಳಲು ಅವಳ ಮನೆಯಲ್ಲೇ ಉಳಿದೆ. ಅವಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ, ಹೊದೆಯಲು ಏನಾದರೂ ಸಿಗಬಹುದೆಂದು ಟ್ರಂಕು ತೆಗೆದೆ. ತಳದಲ್ಲಿ ಆ ಹಸಿರು ಇತ್ತು.

ಪಾತ್ರೆಯವರ ಗಂಟು ಕೊನೆಗೆ ಯಾರ ಮುಂದೆ ಬಿಚ್ಚಿಕೊಳ್ಳುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇ? ಅಂದು ಅದು ಹೊಳೆದೇ ಇರಲಿಲ್ಲ.

ಬಿಡಿಸಿ ಹಿಡಿದೆ. ಕಾಫಿ ಬಣ್ಣದ ಅಂಚಿನ ಕೆಳಗೆ ನೀಲಿ ಚೌಕಳಿಯ ಒಂದು ಪಟ್ಟಿ, ಅದರ ಕೆಳಗೆ ಕುಂಕುಮ ಬಣ್ಣದ್ದು, ಆಮೇಲೆ ಹೂವಿನದು, ಹೀಗೆ ಕೆಳಕೆಳಗೆ ಪಟ್ಟಿಗಳು ಕೂಡುತ್ತಾ ಹೋಗಿದ್ದವು. ಸೊಂಟವನ್ನೂ ಬಿಚ್ಚಿ ಅಗಲ ಮಾಡಿದ್ದಳು. ನನ್ನ ಮೈಗೆ ಹಿಡಿದರೆ ನನ್ನ ಪಾದ ಮುಟ್ಟಿತು. ಕೈಗೆ ಬಂದ ಪ್ರತಿಯೊಂದು ಬಟ್ಟೆಗೂ ಕತ್ತರಿ ಹಾಕುತ್ತಿದ್ದವಳು ಇದನ್ನು ಮಾತ್ರ ಬೆಳೆಸಿದ್ದಳು.

ಟ್ರಂಕಿನ ಸದ್ದು ನಿಂತದ್ದು ಅವಳಿಗೆ ಕೇಳಿಸಿರಬೇಕು.

“ಸಿಕ್ತಾ?” ಎಂದಳು. “ನೀನು ರಜಕ್ಕೆ ಬರಕ್ಕೆ ಮುಂಚೇನೇ ಗಂಟಲ್ಲಿ ಬಂದಿತ್ತು. ಉದ್ದ ಸಾಲ್ದೇನೋ, ಅದ್ಕೇ ಪಾತ್ರೆಗೆ ಹಾಕವ್ಳೆ ಅಂದ್ಕೊಂಡೆ. ಕೇಳಿದ್ರೆ ನೀ ಬೇಜಾರು ಮಾಡ್ಕತೀಯ ಅಂತ ಸುಮ್ಕಾದೆ. ಮಗು ಬೆಳೆದಂಗೆ ಕೂಡಿಸ್ತಾ ಬಂದೆ. ಈಗಲಾದ್ರೂ ಸರಿಯಾಯ್ತದಾ ನೋಡು.”

ಓರಗಿತ್ತಿಯ ಮಾತು, ಮನೆಯವರ ನಗು, ಏನೆಲ್ಲ ಹೇಳಬಹುದಿತ್ತು. ಲಂಗವನ್ನು ಅವಳ ಎದೆಯ ಮೇಲಿಟ್ಟು, ಅವಳ ಕೈ ತೆಗೆದು ಅದರ ಮೇಲಿರಿಸಿದೆ.

“ಉದ್ದ ಆವತ್ತೇ ಸರಿಯಾಗಿತ್ತು ಕಣಕ್ಕ. ನಾನೇ ನಾಚ್ಕೆ ಪಟ್ಕಂಡು ಹಾಕ್ಬುಟ್ಟೆ. ತಪ್ಪಾಯ್ತು.”