ಉಜ್ಜಪ್ಪನ ಬೈಕು

ಬೆಳ್ಳಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ತಟ್ಟೆ ಲೋಟಗಳಿಗೆ ಪಾಲಿಶ್ ಹಾಕುವುದು ಅವನ ಕಸುಬು. ಮೀಸೆ ಮೂಡಿದಾಗಿನಿಂದ ಅದೇ ಕೆಲಸ, ಹಾಗಾಗಿ ಎಲ್ಲರ ಬಾಯಲ್ಲೂ ಅವನು ಉಜ್ಜಪ್ಪ. ಮಂಕಾಗಿ ಕಂಡದ್ದನ್ನು ಉಜ್ಜದೆ ಬಿಟ್ಟ ಆಸಾಮಿಯೇ ಅಲ್ಲ. ಅವನ ಮನೆಯ ಬಾಗಿಲ ಚಿಲಕದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು.

ಇಂಥವನ ಕೈಗೆ ತೀರಿಕೊಂಡ ಮಾವನ ಹಳೇ ಮೋಟಾರ್ ಬೈಕು ಸಿಕ್ಕಿತು, ಅದೂ ಕೆಟ್ಟು ನಿಂತದ್ದು. ಕತ್ತೆಮರಿಯಷ್ಟು ಪುಟ್ಟ ಗಾಡಿ. ಹೆಂಡತಿ ಚಿಕ್ಕವಳಿದ್ದಾಗ ಅದರ ಟ್ಯಾಂಕಿನ ಮೇಲೆ ಕೂತು ಅಪ್ಪನ ಜೊತೆ ಶಾಲೆಗೆ ಹೋದವಳು. "ಒಂದ್ಸಲ ಅದರ ಮೇಲೆ ಕೂತು ಪೇಟೆ ಸುತ್ತಬೇಕು ಕಣ್ರೀ" ಎಂದು ಬಾಯಿಬಿಟ್ಟು ಕೇಳಿದಳು, ಮದುವೆಯಾದಾಗಿನಿಂದ ಏನನ್ನೂ ಕೇಳದ ಹೆಣ್ಣು. ಅವಳ ಅಣ್ಣ, ಮೇಜು ಕುರ್ಚಿ ಮಾರುವ ಅಂಗಡಿಯವನು, ಷರತ್ತು ಹಾಕಿಯೇ ಗಾಡಿ ಕಳಿಸಿದ್ದ: "ನಾನು ಬಂದಾಗ ಓಡ್ತಿದ್ರೆ ನಿಮ್ದು. ಇಲ್ಲಾಂದ್ರೆ ಎತ್ಕೊಂಡು ಹೋಗಿ ಗುಜರಿಗೆ ಹಾಕ್ತೀನಿ."

ಉಜ್ಜಪ್ಪನಿಗೆ ಬೈಕಿನ ಗಂಧಗಾಳಿ ಇರಲಿಲ್ಲ. ಒಂದು ನಟ್ಟು ಬಿಚ್ಚುವುದರೊಳಗೆ ಗೆಣ್ಣಿನ ಚರ್ಮ ಕಿತ್ತುಬಂತು. ಇನ್ನೊಂದು ತುಕ್ಕು ಹಿಡಿದು ಕೂತದ್ದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಸಿಟ್ಟಿಗೆ ಸ್ಪಾನರ್ ಎಸೆದರೆ ಅದು ಹೋಗಿ ನೀರಿನ ಬಿಂದಿಗೆಗೆ ಬಡಿಯಿತು. ನಡುಮನೆ ತುಂಬ ಗ್ರೀಸು, ದಿಂಬಿನ ಮೇಲೆ ಚೈನು, ಉಪ್ಪಿನ ಡಬ್ಬಿಯಲ್ಲಿ ಸ್ಕ್ರೂ. "ಇದೇನು ಮನೆನೋ, ಗ್ಯಾರೇಜೋ?" ಎಂದು ಹೆಂಡತಿ ಗೊಣಗುತ್ತಲೇ ಉಪ್ಪು ಜರಡಿ ಹಿಡಿದಳು.

ಅಂತೂ ಎಲ್ಲ ಜೋಡಿಸಿದ. ಅಬ್ಬಬ್ಬಾ, ಏನು ಹೊಳಪು! ಬೀದಿಯವರು ಬಂದು ಬಂದು ನೋಡಿದರು. ಆದರೆ ಸ್ಟಾರ್ಟ್ ಆಗಬೇಕಲ್ಲ? ಕಿಕ್ ಹೊಡೆದ, ಹೊಡೆದ, ಕಾಲು ಊದಿತೇ ಹೊರತು ಬೈಕು ಒಂದು ಸಲ ಕೆಮ್ಮಲೂ ಇಲ್ಲ. ಪ್ಲಗ್ ಬದಲಾಯಿಸಿದ. ಪೆಟ್ರೋಲ್ ಸರಿಯಿಲ್ಲ ಎಂದು ಬಂಕಿನವನಿಗೆ ಶಾಪ ಹಾಕಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ನಾಳೆ ಭಾವ ಬರುತ್ತಾನೆ ಎಂದಾಗ ಮರ್ಯಾದೆ ಬದಿಗಿಟ್ಟು ತಿರುವಿನ ಮೆಕ್ಯಾನಿಕ್ಕನ ಹತ್ತಿರ ತಳ್ಳಿಕೊಂಡು ಹೋದ. ಆತ ಕೈಯಿಂದಲೇ ಕಿಕ್ ಒತ್ತಿ ನೋಡಿದ. ಅದು ಬೆಣ್ಣೆಗೆ ಬೆರಳಿಟ್ಟ ಹಾಗೆ ಇಳಿಯಿತು.

"ಎಂಜಿನ್‌ನಲ್ಲಿ ದಮ್ಮೇ ಇಲ್ವಲ್ರೀ. ಪಿಸ್ಟನ್‌ಗೆ ಏನು ಮಾಡಿದ್ರಿ?"

"ಕಪ್ಪಗಿತ್ತು. ಪಾಲಿಶ್ ಮಾಡಿದೆ. ಅದರ ರಿಂಗುಗಳಿಗೂ."

ಮೆಕ್ಯಾನಿಕ್ ತಲೆ ಚಚ್ಚಿಕೊಂಡ. "ಅಯ್ಯೋ ಪುಣ್ಯಾತ್ಮ! ಅದು ಸಿಲಿಂಡರ್‌ನಲ್ಲಿ ಬಿಗಿಯಾಗಿ ಓಡಾಡ್ಬೇಕು. ಉಜ್ಜಿ ಉಜ್ಜಿ ಸಣ್ಣ ಮಾಡಿದೀರಿ, ಒತ್ತಡ ಎಲ್ಲಾ ಸೋರಿಹೋಗ್ತಿದೆ. ಮೊದಲು ಕಾರ್ಬೊರೇಟರ್‌ನಲ್ಲಿ ಕಸ ಕಟ್ಟಿದ್ದಿರ್ಬೇಕು ಅಷ್ಟೇ, ಊದಿದ್ರೆ ಸಾಕಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು!"

ಬೇರೆ ಪಿಸ್ಟನ್ ಹುಡುಕಿ, ಸಿಲಿಂಡರ್ ಕೊರೆಸಿ ಕೂರಿಸಬೇಕು, ನಾಳೆಗಂತೂ ಆಗದ ಮಾತು ಎಂದ. ಉಜ್ಜಪ್ಪ ಇಂಗು ತಿಂದ ಮಂಗನ ಹಾಗೆ ಮನೆಗೆ ಬಂದ. ನಿಂತ ಗಾಡಿಯನ್ನು ತಾನೇ ಕೊಂದೆನಲ್ಲ ಎಂಬ ಸಂಕಟ. ಹೆಂಡತಿಗೆ ಇದ್ದದ್ದು ಇದ್ದ ಹಾಗೆ ಹೇಳಿದ. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎದ್ದು ಹೋಗಿ ಪಾತ್ರೆ ತೊಳೆದಳು.

ಮರುದಿನ ಬೆಳಿಗ್ಗೆ ಭಾವ ಸಣ್ಣ ಲಾರಿಯಲ್ಲಿ ಬಂದಿಳಿದ. ಬೈಕು ನೋಡಿ ಬಾಯಿ ಕಳೆದು ನಿಂತ.

"ಭಲೇ! ಕನ್ನಡಿ ಇದ್ದ ಹಾಗಿದೆಯಲ್ಲ! ಓಡುತ್ತಾ?"

"ಇಲ್ಲ ಭಾವ."

"ಬಿಡಿ, ಓಡಿ ಏನಾಗಬೇಕು? ಗುಜರಿಗೆ ಹಾಕಲ್ಲ, ಅಂಗಡಿ ಗಾಜಿನ ಹಿಂದೆ ಸೋಫಾ ಪಕ್ಕ ನಿಲ್ಲಿಸ್ತೀನಿ. ಗಿರಾಕಿಗಳು ಮುಗಿಬೀಳ್ತಾರೆ. ಏನೇ ಹೇಳಿ, ಹೊಳೆಯೋ ಹಾಗೆ ಮಾಡೋದರಲ್ಲಿ ನಿಮ್ಮನ್ನ ಬಿಟ್ರಿಲ್ಲ."

ಹೊಗಳಿಕೆಯೇ ಅದು, ಆದರೆ ಉಜ್ಜಪ್ಪನ ಮೈ ಉರಿದುಹೋಯಿತು. ಹೆಂಡತಿ ಬಾಗಿಲಲ್ಲಿ ನಿಂತು ಬೈಕಿನ ಹಿಂದಿನ ಸೀಟನ್ನೇ ನೋಡುತ್ತಿದ್ದಳು. ಅವನು ಒಳಗೆ ಹೋದ, ಸ್ಪಾನರ್ ತಂದ, ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಎಂಜಿನ್ನಿನ ಮೊದಲ ಬೋಲ್ಟು ಬಿಚ್ಚತೊಡಗಿದ.

"ಏಯ್, ಏನ್ ಮಾಡ್ತಿದೀರಿ? ಲಾರಿ ಕಾಯ್ತಿದೆ!"

"ಹಾಳು ಮಾಡಿದೋನು ನಾನು ಭಾವ. ಓಡಿಸ್ದೆ ಬಿಡಲ್ಲ."

"ಮಾತು ಅಂದ್ರೆ ಮಾತು. ನಾನು ಬಂದಾಗ ಓಡ್ತಿರ್ಬೇಕು ಅಂದಿದ್ದೆ!"

"ಅಂದಿದ್ರಿ. ಎಂಜಿನ್ ಇಲ್ಲದ ಅಸ್ಥಿಪಂಜರ ಬೇಕಿದ್ರೆ ತಗೊಂಡು ಹೋಗಿ."

ಎರಡನೇ ಬೋಲ್ಟು ಬಿಗಿಯಾಗಿತ್ತು. ಸ್ಪಾನರ್ ಜಾರಿ ಅದೇ ಗೆಣ್ಣಿನ ಚರ್ಮ ಮತ್ತೆ ಕಿತ್ತುಬಂತು. "ಥೂ!" ಎಂದ. ಕಣ್ಣಲ್ಲಿ ನೀರು ಬಂದದ್ದು ನೋವಿಗೋ ರೋಷಕ್ಕೋ ಅವನಿಗೇ ಗೊತ್ತಾಗಲಿಲ್ಲ. ಭಾವ ತಂಗಿಯ ಕಡೆ ತಿರುಗಿದ. "ನೀನಾದ್ರೂ ಹೇಳಮ್ಮಾ ಇವರಿಗೆ!"

ಅವಳು ಹಳೇ ಹೊದಿಕೆಯೊಂದನ್ನು ತಂದು ನೆಲಕ್ಕೆ ಹಾಸಿದಳು. ಗಂಡನ ಪಕ್ಕ ಕೂತು ಅಂಗೈ ಚಾಚಿದಳು.

"ಬೋಲ್ಟು ಇಲ್ಲಿ ಕೊಡಿ. ನೀವು ಕಳೀತೀರ."