ಅಡ್ಡ ನಿಂತ ಮಾಸು

ಮಾಂಸದಂಗಡಿಯ ಯಜಮಾನಿಗೆ ಬೀದಿಯವರು ಇಟ್ಟ ಹೆಸರು ಉಪ್ಪಕ್ಕ. ಗಂಡ ಸತ್ತ ಮೇಲೆ ಕತ್ತಿ, ಕೊರಡು, ಕೀಮಾ ಯಂತ್ರ ಎಲ್ಲವನ್ನೂ ಒಬ್ಬಳೇ ಸಂಭಾಳಿಸಿದ ಗಟ್ಟಿಗಿತ್ತಿ. ಉಪ್ಪು, ಮೆಣಸು ಬೆರೆಸಿಟ್ಟ ಕೀಮಾ ಅವಳ ಅಂಗಡಿಯ ಹೆಗ್ಗಳಿಕೆ. ಮನೆಗೊಯ್ದು ಹುರಿದರೆ ಸಾಕು. ಹದ ನೋಡಲು ಅವಳು ಚಿಟಿಕೆ ಹಸಿ ಕೀಮಾವನ್ನು ನಾಲಿಗೆಯ ತುದಿಗಿಟ್ಟು ಉಗಿಯುತ್ತಿದ್ದಳು. ಹುರಿದು ರುಚಿ ನೋಡುವವರೆಲ್ಲ ಅವಳ ಲೆಕ್ಕದಲ್ಲಿ ಕಸುಬು ಬರದವರು.

ಸೊಸೆಗೂ ಅದನ್ನೇ ಕಲಿಸಿದಳು. ಸೊಸೆ ಬಸುರಾದಾಗ ಡಾಕ್ಟರಮ್ಮ, ಹಸಿ ಮಾಂಸ ತಿನ್ನಲೇಬೇಡಿ ಎಂದು ಹೇಳಿ ಕಳಿಸಿದ್ದರು. ಹುಡುಗಿ ಹಿಂಜರಿದಳು.

"ಬೇಡ ಅಂದಿದಾರೆ ಅತ್ತೆ."

"ತಿನ್ನು ಅಂದೋರ್ಯಾರು? ರುಚಿ ನೋಡು, ಉಗಿ. ನಿನ್ನ ಗಂಡನ್ನ ಹೊತ್ತಾಗಲೂ ನಾನು ನೋಡಿದೀನಿ. ಕಲ್ಲುಗುಂಡಿನ ಹಾಗಿಲ್ವಾ ಅವನು?" ಎಂದ ಉಪ್ಪಕ್ಕ ತನ್ನ ಬೆರಳಿನಿಂದಲೇ ಸೊಸೆಯ ನಾಲಿಗೆಗೆ ಕೀಮಾ ಇಟ್ಟಳು.

ನಾಲ್ಕನೇ ತಿಂಗಳಲ್ಲಿ ಸೊಸೆಗೆ ಸಣ್ಣ ಜ್ವರ ಬಂತು, ಕುತ್ತಿಗೆಯಲ್ಲಿ ಗಂಟು ಕಟ್ಟಿತು. ರಕ್ತಪರೀಕ್ಷೆ ಮಾಡಿದರೆ ಹಸಿ ಮಾಂಸದಿಂದ ಬರುವ ಒಂದು ಪರಾವಲಂಬಿಯ ಸೋಂಕು. ಅದು ಮಗುವಿಗೆ ದಾಟಿದರೆ ಕಣ್ಣು ಹೋಗಬಹುದು, ಮಿದುಳು ಕೆಡಬಹುದು.

"ನಾವು ತಿಂದಿಲ್ಲ ಡಾಕ್ಟ್ರೇ, ರುಚಿ ನೋಡಿದ್ವಿ ಅಷ್ಟೇ," ಎಂದಳು ಉಪ್ಪಕ್ಕ. "ಮತ್ತೆ ನನಗ್ಯಾಕೆ ಏನೂ ಆಗ್ಲಿಲ್ಲ?"

"ನಿಮಗೆ ಬಸುರಾಗೋಕೆ ಮೊದಲೇ ಬಂದು ಹೋಗಿರುತ್ತೆ, ನಿಮ್ಮ ಮೈಗೆ ಅದರ ಗುರುತು ಗೊತ್ತು. ಇವರಿಗೆ ಇದು ಹೊಸದು. ಈಗ ಇವರ ರಕ್ತಕ್ಕೂ ಮಗುವಿಗೂ ಮಧ್ಯೆ ಇರೋದು ಮಾಸು, ಅಂದ್ರೆ ಪ್ಲಾಸೆಂಟಾ. ಅದರ ಹೊರಪದರದಲ್ಲಿ ಜೀವಕೋಶಗಳೆಲ್ಲ ಕೂಡಿ ಒಂದೇ ಹಾಳೆ ಆಗಿರುತ್ತೆ, ಸಂದೇ ಇಲ್ಲ. ಕಣ್ಣಿಗೆ ಕಾಣದ ಈ ಹುಳ ಅಂಟ್ಕೊಳ್ಳೋದೇ ಕಷ್ಟ, ಹೊಕ್ಕರೂ ಬೆಳೆಯೋಕೆ ಬಿಡಲ್ಲ. ಆದ್ರೆ ಗರ್ಭಕೋಶಕ್ಕೆ ಅಂಟಿರೋ ಬುಡದಲ್ಲಿ ಅಷ್ಟು ಭದ್ರ ಇಲ್ಲ. ಅಲ್ಲಿಂದ ನುಸುಳಬಹುದು."

ಮಾತ್ರೆ ಶುರುವಾಯಿತು. ಆಮೇಲೊಂದು ದಿನ ಹೊಟ್ಟೆಗೆ ಸೂಜಿ ಚುಚ್ಚಿ ಮಗುವಿನ ಸುತ್ತಲಿನ ನೀರು ತೆಗೆದರು. ಅದರಲ್ಲಿ ಹುಳ ಸಿಗಲಿಲ್ಲ. ಆದರೂ ಹುಟ್ಟುವ ತನಕ ಖಚಿತ ಹೇಳಲಾಗದು, ದಿನ ತುಂಬಿದಂತೆ ದಾಟುವ ಸಾಧ್ಯತೆ ಹೆಚ್ಚು ಎಂದರು. ಮನೆಯಲ್ಲಿ ಎಲ್ಲರೂ ಬೆಂಕಿಯ ಮೇಲೆ ಕೂತಂತಾಯಿತು. ಸೊಸೆ ಅತ್ತೆಯನ್ನು ಬೈಯಲಿಲ್ಲ, ಜಗಳವಾಡಲಿಲ್ಲ, ಮಾತನ್ನೇ ಬಿಟ್ಟಳು. ಬೈದಿದ್ದರೆ ಉಪ್ಪಕ್ಕನ ಬಳಿ ಒಂದಕ್ಕೆ ನಾಲ್ಕು ಉತ್ತರವಿರುತ್ತಿತ್ತು. ಅದಕ್ಕೆ ಎಡೆಯಿಲ್ಲದೆ ಅವಳು ಗಿರಾಕಿಗಳ ಮೇಲೆ ಹರಿಹಾಯ್ದಳು, ತೊಳೆದ ಕೊರಡನ್ನೇ ಮತ್ತೆ ತೊಳೆದಳು.

ಹೆಣ್ಣು ಮಗು ಹುಟ್ಟಿತು. ಅದರ ರಕ್ತ, ಕಣ್ಣು, ತಲೆ ಎಲ್ಲದರ ಪರೀಕ್ಷೆ. ಮಾಸನ್ನೂ ಡಬ್ಬಿಗೆ ಹಾಕಿ ಲ್ಯಾಬಿಗೆ ಒಯ್ದರು. ಉಪ್ಪಕ್ಕ ಇಣುಕಿ ನೋಡಿದಳು. ಈಲಿ, ಗುಂಡಿಗೆ, ಕರುಳು ಎಲ್ಲದರ ಬೆಲೆ ಬಲ್ಲವಳು ಇದರ ಮುಂದೆ ಸುಮ್ಮನೆ ಕೈಮುಗಿದಳು. ದಾದಿಗೆ ನಗು ಬಂತು, ಬಾಯಿ ಮುಚ್ಚಿಕೊಂಡಳು.

ಫಲಿತಾಂಶ ಬಂದ ದಿನ ಡಾಕ್ಟರಮ್ಮ ವಾರ್ಡಿಗೇ ಬಂದರು. "ಹುಳ ಮಾಸಿನವರೆಗೆ ಬಂದಿತ್ತು. ಅಲ್ಲೇ ಸಿಕ್ಕಿದೆ. ಮಗುವಿನಲ್ಲಿ ಎಲ್ಲೂ ಇಲ್ಲ. ಒಂದು ವರ್ಷ ಆಗಾಗ ಕರ್ಕೊಂಡು ಬನ್ನಿ, ನೋಡ್ತಿರೋಣ."

ಉಪ್ಪಕ್ಕ ಮಂಚದ ಸರಳು ಹಿಡಿದು ಬಿಕ್ಕಿಬಿಕ್ಕಿ ಅತ್ತಳು. "ನೋಡ್ದೇನೇ, ಹೇಗೆ ಅಡ್ಡ ನಿಂತು ಕಾಪಾಡ್ತು!"

ಸೊಸೆ ಎಷ್ಟೋ ತಿಂಗಳ ಮೇಲೆ ಅವಳ ಮುಖ ನೋಡಿ ಮಾತಾಡಿದಳು.

"ಮಗೂಗೆ ಅಡ್ಡ ನಿಲ್ಲೋಕೆ ಅದಿತ್ತು ಅತ್ತೆ. ನನಗೆ ಅಡ್ಡ ನಿಲ್ಬೇಕಾಗಿದ್ದೋರು ಯಾರು?"

ಉಪ್ಪಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. ತಿನ್ನು ಅಂದಿರಲಿಲ್ಲವಲ್ಲ ಎಂಬ ಮಾತು ಬಾಯಿಗೆ ಬಂದಿತ್ತು, ಅದನ್ನು ನುಂಗಿಕೊಂಡಳು.

"ನಾನು ಕಣೇ," ಎಂದಳು. "ನಾನೇ ನಿಲ್ಬೇಕಾಗಿತ್ತು."